ಬಣ್ಣ ಚೆಲ್ಲೋದು ಕಲೆನಾ? ಗ್ಯಾರೇಜಲ್ಲಿ ನಾನೇ ಚೆಲ್ಲಿ ನೋಡಿದ ಕಥೆ

ಕ್ಯಾನ್ವಾಸ್ ನೆಲಕ್ಕೆ ಹಾಸಿ ಮೇಲಿಂದ ಬಣ್ಣ ಸುರಿದು, ಹನಿಸಿ ಚಿತ್ರ ಮಾಡ್ತಿದ್ದ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್‌ನ ಚಿತ್ರ ಮೊದಲ ಸಲ ನೋಡಿದವರ ಬಾಯಲ್ಲಿ ಬರೋ ಮಾತು ಶಿರಸಿ ಆದ್ರೂ ಒಂದೇ, ನ್ಯೂಯಾರ್ಕ್ ಆದ್ರೂ ಒಂದೇ, "ಇದನ್ನ ನಮ್ಮ ಮಗೂನೂ ಮಾಡುತ್ತೆ". ನಮ್ಮಣ್ಣ ಊರಿಂದ ವಾಟ್ಸಾಪ್ ಕಾಲಲ್ಲಿ ಇನ್ನೂ ಸ್ವಲ್ಪ ಮುಂದೆ ಹೋಗಿ, "ಮಾರಾಯ್ತಿ, ದೀಪಾವಳಿಗೆ ಗೋಡೆಗೆ ಬಣ್ಣ ಹೊಡೆದು ಬ್ರಷ್ ಕೊಡವಿದ್ರೆ ಅಂಗಳದ ತುಂಬಾ ಇದೇ ಬೀಳೋದು, ಅದಕ್ಕೂ ಯಾರಾದ್ರೂ ಕೋಟಿಗಟ್ಲೆ ಕೊಡ್ತಾರಾ?" ಅಂದ. ನಾನಿದನ್ನ ತಮಾಷೆ ಅಂತ ತೇಲಿಸಿಬಿಡಲಿಲ್ಲ, ಯಾಕಂದ್ರೆ ಇದು ನ್ಯಾಯವಾದ ಪ್ರಶ್ನೆ. ಬ್ರಷ್ ಕೊಡವಿದಾಗ ಬೀಳೋದಕ್ಕೂ ಮ್ಯೂಸಿಯಂ ಗೋಡೆ ಮೇಲಿರೋದಕ್ಕೂ ವ್ಯತ್ಯಾಸ ಇದ್ರೆ ಅದು ಕಣ್ಣಿಗೆ ಕಾಣ್ಬೇಕು, ಕೈಗೆ ಸಿಗ್ಬೇಕು, ಇಲ್ಲಾಂದ್ರೆ ಅಣ್ಣ ಹೇಳಿದ್ದೇ ಸರಿ. ಹಾಗಾಗಿ ಈ ಬೇಸಿಗೆಯಲ್ಲಿ ನ್ಯೂಜೆರ್ಸಿಯ ನಮ್ಮನೆ ಗ್ಯಾರೇಜಲ್ಲಿ ಕ್ಯಾನ್ವಾಸ್ ಹಾಸ್ಕೊಂಡು ನಾನೇ ಚೆಲ್ಲೋಕೆ ಕೂತೆ.

ಮೊದಲು ನಾನು ಯಾವ ಚಿತ್ರಗಳನ್ನ ಇಟ್ಕೊಂಡು ಹೋಲಿಸ್ತಿದ್ದೆ ಅಂತ ಹೇಳ್ಬಿಡ್ತೀನಿ. ಮ್ಯಾನ್‌ಹಾಟನ್‌ನ ಮೋಮಾದಲ್ಲಿ (ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್) ಪೊಲಾಕ್‌ನ 'ಒನ್: ನಂಬರ್ 31, 1950' ಇದೆ, ಎತ್ತರ ಸುಮಾರು 270 ಸೆಂಟಿಮೀಟರ್, ಅಗಲ 530, ಅಂದ್ರೆ ನಮ್ಮನೆ ಹಾಲ್‌ನ ಒಂದು ಗೋಡೆಗೂ ದೊಡ್ಡದು. ಅಲ್ಲೇ 'ನಂಬರ್ 1ಎ, 1948' ಅಂತ ಇನ್ನೊಂದಿದೆ, ಅದರ ಬಲಗಡೆ ಮೇಲೆ ಪೊಲಾಕ್‌ನ ಅಂಗೈ ಗುರುತುಗಳು ಹಾಗೇ ಒತ್ತಿದ್ದು ಕಾಣ್ತವೆ. ನ್ಯೂಯಾರ್ಕಲ್ಲೇ ಇರೋ ಮೆಟ್ ಮ್ಯೂಸಿಯಂನಲ್ಲಿ 'ಆಟಮ್ ರಿದಮ್' ಇದೆ, ಅದೂ 1950ರದ್ದೇ. ಈ ಮೂರನ್ನೂ ನಾನು ಎಷ್ಟೋ ಸಲ ನೋಡಿದೀನಿ, ದೂರದಿಂದ ಅಲ್ಲ, ಗಾರ್ಡ್ ಬಂದು "ಮ್ಯಾಮ್, ಸ್ವಲ್ಪ ಹಿಂದೆ" ಅನ್ನೋವಷ್ಟು ಹತ್ತಿರದಿಂದ. ಅಷ್ಟು ಹತ್ತಿರ ಹೋದಾಗ ಕಾಣೋದು ಚೆಲ್ಲಾಟ ಅಲ್ಲ, ಗೆರೆ. 'ಆಟಮ್ ರಿದಮ್'ನ ಒಂದು ಕಪ್ಪು ಗೆರೆ ಹಿಡ್ಕೊಂಡು ಕಣ್ಣಲ್ಲೇ ಹಿಂಬಾಲಿಸಿ ನೋಡಿ, ಒಂದ್ಕಡೆ ಬೆರಳಷ್ಟು ದಪ್ಪ ಇರುತ್ತೆ, ತಿರುವು ಬರೋ ಹೊತ್ತಿಗೆ ಸಣ್ಣಗಾಗುತ್ತೆ, ತಿರುವು ದಾಟಿದ್ಮೇಲೆ ದಾರದಷ್ಟು ತೆಳ್ಳಗಾಗಿ ಬಿಳಿ ಗೆರೆ ಕೆಳಗೆ ನುಗ್ಗಿ ಆಚೆ ಕಡೆ ಮತ್ತೆ ಏಳುತ್ತೆ, ಮಧ್ಯದಲ್ಲಿ ಎಲ್ಲೂ ತುಂಡಾಗಲ್ಲ. ಕೊಡವಿದ ಬ್ರಷ್‌ನಿಂದ ಹನಿ ಬೀಳುತ್ತೆ ನಿಜ, ಆದ್ರೆ ಮಾರುದ್ದದ ಇಂಥ ಗೆರೆ ಬೀಳಲ್ಲ. ಅಣ್ಣನಿಗೆ ನಾನು ಕೊಡೋ ಮೊದಲ ಉತ್ತರ ಇದು, ಆದ್ರೆ ಬರೀ ನೋಡಿ ಹೇಳಿದ್ರೆ ಸಾಲದು ಅಂತಲೇ ಕೆಲಸಕ್ಕೆ ಇಳಿದಿದ್ದು.

ಸಾಮಾನು ಹೊಂದಿಸೋದೇ ಒಂದು ಕಲಿಕೆ. ಎರಡನೇ ಮಹಾಯುದ್ಧದ ನಂತರದ ಕಾಲದ ಅಮೂರ್ತ ಚಿತ್ರಕಾರರು ಹೇಗೆ ಕೆಲಸ ಮಾಡ್ತಿದ್ರು ಅಂತ ತೋರಿಸೋ ಒಂದು ಕೋರ್ಸು ಮೋಮಾದವರದ್ದೇ ಆನ್‌ಲೈನ್ ಇದೆ, ಅದನ್ನ ನೋಡ್ಕೊಂಡು ಪಟ್ಟಿ ಮಾಡಿದೆ. ಪೊಲಾಕ್ ಬಳಸ್ತಿದ್ದಿದ್ದು ಟ್ಯೂಬಲ್ಲಿ ಬರೋ ಆರ್ಟಿಸ್ಟ್ ಬಣ್ಣ ಮಾತ್ರ ಅಲ್ಲ, ಹೆಚ್ಚಾಗಿ ಮನೆಗೂ ಕಾರಿಗೂ ಹೊಡೆಯೋ ಎನಾಮೆಲ್ ಪೇಂಟು, ಜೊತೆಗೆ ಅಲ್ಯುಮಿನಿಯಂ ಪೇಂಟು. ಬ್ರಷ್ ಅಂತ ಇದ್ರೂ ಒಣಗಿ ಗಟ್ಟಿಯಾಗಿ ಕೋಲಿನ ಥರ ಆಗಿರೋ ಬ್ರಷ್ಷು, ಇಲ್ಲಾಂದ್ರೆ ಡಬ್ಬ ಕಲಕೋ ಕೋಲು, ಇಲ್ಲಾಂದ್ರೆ ಅಡುಗೆಮನೆಲಿ ಟರ್ಕಿ ಕೋಳಿ ಬೇಯಿಸುವಾಗ ರಸ ಹೀರಿ ಮೇಲೆ ಬಿಡೋ ರಬ್ಬರ್ ಬುರುಡೆಯ ಪಿಚಕಾರಿ. ಕ್ಯಾನ್ವಾಸಿಗೆ ಮೊದಲೇ ಬಿಳಿ ಪ್ರೈಮರ್ ಹೊಡೀದೆ ಹತ್ತಿಬಟ್ಟೆ ಹೇಗಿದ್ಯೋ ಹಾಗೇ ನೆಲಕ್ಕೆ ಹಾಸ್ತಿದ್ದ. ನಾನೂ ದಪ್ಪ ಹತ್ತಿ ಕ್ಯಾನ್ವಾಸಿನ ರೋಲ್ ತಂದೆ, ಆರಡಿ ಅಗಲ ಒಂಬತ್ತಡಿ ಉದ್ದ ಕತ್ತರಿಸ್ಕೊಂಡೆ, ಎನಾಮೆಲ್ ಡಬ್ಬಗಳು, ತೆಳ್ಳಗೆ ಮಾಡೋಕೆ ಮಿನರಲ್ ಸ್ಪಿರಿಟ್ಸ್ ತಂದೆ. ನಮ್ಮನೆಯವರು ಕಾರು ರಸ್ತೆಗೆ ಹಾಕಿ ಗ್ಯಾರೇಜ್ ಬಿಟ್ಕೊಟ್ರು. ಮಾಡ್ಬೇಕು ಅನ್ನೋರಿಗೆ ಒಂದು ಮಾತು, ಆ ವಾಸನೆ ಬರೀ ವಾಸನೆ ಅಲ್ಲ, ಶಟರ್ ಪೂರ್ತಿ ಎತ್ತಿಟ್ಟು ಸಾಲ್ವೆಂಟ್ ಆವಿ ತಡಿಯೋ ಕಾರ್ಟ್ರಿಜ್ ಮಾಸ್ಕ್ ಹಾಕ್ಕೊಂಡೇ ಮಾಡಿ, ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಎಣ್ಣೆಬಣ್ಣದ ಬಟ್ಟೆ ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳುತ್ತೆ, ಹೊರಗಡೆ ಬಿಡಿಸಿ ಹರವಿ ಒಣಗಿಸಿ.

ಶುರು ಮಾಡಿದ್ದು ದೊಡ್ಡ ಕ್ಯಾನ್ವಾಸಲ್ಲಿ ಅಲ್ಲ, ಉಳಿದ ತುಂಡುಗಳ ಮೇಲೆ ಬರೀ ಗೆರೆ. ಕೋಲನ್ನ ಕಪ್ಪು ಎನಾಮೆಲಲ್ಲಿ ಅದ್ದಿ ಎತ್ತಿ ಕೈ ನಿಧಾನಕ್ಕೆ ಸರಿಸಿದೆ, ಗೆರೆ ಬರಲಿಲ್ಲ, ಸುರುಳಿ ಬಂತು. ಸಣ್ಣ ಸಣ್ಣ ಸುರುಳಿ ಒಂದರ ಪಕ್ಕ ಒಂದು. ನಮ್ಮ ಕಡೆಯವರಿಗೆ ಇದು ದಿನಾ ಬೆಳಿಗ್ಗೆ ಕಂಡಿರೋದೇ, ದೋಸೆ ಮೇಲೆ ಜೋನಿ ಬೆಲ್ಲ ಬಿಡುವಾಗ ಚಮಚ ಸ್ವಲ್ಪ ಎತ್ತರ ಹಿಡಿದ್ರೆ ಬೆಲ್ಲದ ಎಳೆ ದೋಸೆಗೆ ತಾಗಿದ ಕೂಡಲೇ ಸುತ್ತಿ ಸುತ್ತಿ ಕೂರುತ್ತಲ್ಲ, ಅದೇ. ದಪ್ಪ ದ್ರವದ ಎಳೆ ಬೀಳೋ ವೇಗಕ್ಕೆ ಕೈ ಓಡದಿದ್ರೆ ಹೀಗಾಗುತ್ತೆ. ಪೊಲಾಕ್‌ನ ಉದ್ದ ಗೆರೆಗಳಲ್ಲಿ ಈ ಸುರುಳಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಇದನ್ನ ದ್ರವ ವಿಜ್ಞಾನದವರು ನಿಜವಾಗ್ಲೂ ಕೂತು ಲೆಕ್ಕ ಹಾಕಿದಾರೆ, 2019ರಲ್ಲಿ ರೊಬೆರ್ತೊ ಸೆನಿತ್ ಮತ್ತು ಜೊತೆಯವರು ಪೊಲಾಕ್ ಕೆಲಸ ಮಾಡ್ತಿರೋ ವಿಡಿಯೋ ನೋಡಿ ಅವನ ಕೈಯ ವೇಗ, ಎತ್ತರ ಅಂದಾಜು ಮಾಡಿ, ಪ್ರಯೋಗ ಮಾಡಿ, ಸುರುಳಿ ಆಗದೇ ಇರೋ ವೇಗ-ಎತ್ತರದಲ್ಲೇ ಅವನು ಕೈ ಓಡಿಸ್ತಿದ್ದ ಅಂತ ತೋರಿಸಿದ್ರು. ಅವನಿಗೆ ಆ ಸಮೀಕರಣ ಗೊತ್ತಿರಲಿಲ್ಲ ಬಿಡಿ, ಆದ್ರೆ ಕೈಗೆ ಗೊತ್ತಿತ್ತು.

ಸರಿ ಅಂತ ಕೈ ಜೋರಾಗಿ ಓಡಿಸಿದೆ, ಈಗ ಗೆರೆ ತುಂಡಾಗಿ ಹನಿಹನಿ ಆಯ್ತು, ಯಾಕಂದ್ರೆ ಬಣ್ಣ ಜಾಸ್ತಿ ತೆಳ್ಳಗಿತ್ತು. ಸ್ವಲ್ಪ ಗಟ್ಟಿ ಮಾಡಿದ್ರೆ ಕೋಲಿಂದ ಇಳಿಯೋಕೇ ಒಪ್ಪಲ್ಲ, ಒಂದು ದೊಡ್ಡ ಮುದ್ದೆ ಬಿದ್ದು ಮೇಲೆ ಮಾತ್ರ ಕೆನೆಗಟ್ಟಿ ಸುಕ್ಕಾಗುತ್ತೆ, ಒಳಗೆ ವಾರಗಟ್ಲೆ ಹಸಿ. ಬೆಳಿಗ್ಗೆ ಸರಿಯಿದ್ದ ಬಣ್ಣ ಮಧ್ಯಾಹ್ನದ ಸೆಕೆಗೆ ನೀರಾಗುತ್ತೆ, ಡಬ್ಬ ತೆರೆದಿಟ್ಟು ಹೊತ್ತಾದ್ರೆ ಮತ್ತೆ ಗಟ್ಟಿಯಾಗುತ್ತೆ, ಹಾಗಾಗಿ ಪ್ರತಿ ಸಲ ಅದ್ದೋ ಮೊದ್ಲು ಕೋಲೆತ್ತಿ ಎಳೆ ಹೇಗೆ ಇಳೀತಿದೆ ನೋಡಿ ಅದಕ್ಕೆ ತಕ್ಕ ಹಾಗೆ ಕೈಯೆತ್ತರ ಬದಲಾಯಿಸ್ಬೇಕು. ಬಟ್ಟೇದೂ ಒಂದು ಸ್ವಭಾವ ಇದೆ. ಪ್ರೈಮರ್ ಇಲ್ಲದ ಹತ್ತಿ ತೆಳ್ಳಗಿನ ಕಪ್ಪನ್ನ ಒಳಗೆ ಹೀರ್ಕೊಂಡುಬಿಡುತ್ತೆ, ಗೆರೆ ಸುತ್ತ ಹಳದಿ ಎಣ್ಣೆಯ ಅಂಚು ಏಳುತ್ತೆ, ಅದೇ ಕಪ್ಪು ಸ್ವಲ್ಪ ದಪ್ಪ ಇದ್ರೆ ಬಟ್ಟೆ ಮೇಲೆ ಉಬ್ಬಿ ಹೊಳೀತಾ ಕೂರುತ್ತೆ. ಒಂದೇ ಡಬ್ಬದ ಕಪ್ಪಲ್ಲಿ ಒಂದು ಮ್ಯಾಟ್ ಗೆರೆ, ಒಂದು ಹೊಳೆಯೋ ಗೆರೆ. ಇದು ಗೊತ್ತಾದ್ಮೇಲೆ ಮೆಟ್‌ಗೆ ಹೋಗಿ ನೋಡಿದ್ರೆ 'ಆಟಮ್ ರಿದಮ್'ನಲ್ಲಿ ಇವೆರಡೂ ಪಕ್ಕಪಕ್ಕದಲ್ಲಿ ಕಾಣ್ಸಿದ್ವು, ಇಷ್ಟು ವರ್ಷ ಎದುರಿಗೇ ಇತ್ತು.

ಗೆರೆ ಸುಮಾರಾಗಿ ಕೈಗೆ ಬಂತು ಅನ್ನಿಸಿದ್ಮೇಲೆ ದೊಡ್ಡ ಕ್ಯಾನ್ವಾಸಿಗೆ ಇಳಿದೆ. ಸುತ್ತಲೂ ನಡೀತಾ ನಾಲ್ಕೂ ಕಡೆಯಿಂದ ಕಪ್ಪು, ಕೂಡಲೇ ಅದರ ಮೇಲೆ ಬಿಳಿ, ಕೆಂಪು, ಸ್ವಲ್ಪ ಅಲ್ಯುಮಿನಿಯಂ, ಒಂದೇ ಮಧ್ಯಾಹ್ನದಲ್ಲಿ ಎಲ್ಲಾ. ಮಾಡುವಾಗಿನ ಖುಷಿ ಸುಳ್ಳಲ್ಲ, ಮೈ ಪೂರ್ತಿ ಕೆಲಸ ಮಾಡುತ್ತೆ, ಮಣಿಕಟ್ಟು ಮಾತ್ರ ಸಾಲದು, ಭುಜದಿಂದ ಬರ್ಬೇಕು, ಸೊಂಟ ಬಗ್ಗಬೇಕು. ಒಣಗಿದ್ಮೇಲೆ ಗೋಡೆಗೆ ಸ್ಟೇಪಲ್ ಹೊಡೆದು ನಿಲ್ಸಿ ನೋಡಿದೆ. ಕೆಟ್ಟಿತ್ತು. ಹಸಿ ಮೇಲೆ ಹಸಿ ಬಿದ್ದು ಬಿಳಿ ಎಲ್ಲಾ ಬೂದಿ ಬಣ್ಣ, ಕೆಂಪು ಕಂದು. ಎರಡೂ ಬದಿಯಿಂದ ಕೈ ಎಟುಕೋದು ನಡುಮಧ್ಯಕ್ಕೆ, ಹಾಗಾಗಿ ನಡುವೆ ರಾಶಿ, ಮೂಲೆಗಳು ಖಾಲಿ. ಗೆರೆಗಳೆಲ್ಲಾ ಅಂಚಿಗೆ ಬಂದು ದಾಟಿ ಹೊರಗೆ ಹೋಗಿವೆ, ಇನ್ನೂ ಬಟ್ಟೆ ಇದ್ದಿದ್ರೆ ಇನ್ನೂ ಹೋಗ್ತಿದ್ವು ಅನ್ನೋ ಹಾಗೆ. 'ಒನ್'ನಲ್ಲಿ ಎಡಬಲ ಅಂಚಿನ ಹತ್ತಿರ ಹೆಚ್ಚಿನ ಗೆರೆಗಳು ಬಾಗಿ ವಾಪಸ್ ಒಳಗೆ ಬರ್ತವೆ, ಅಂದ್ರೆ ಎಸೀತಿರೋ ಕೈಗೆ ಅಂಚು ಎಲ್ಲಿದೆ ಅನ್ನೋದು ಕ್ಷಣಕ್ಷಣಕ್ಕೂ ಗೊತ್ತಿತ್ತು.

ನನಗೆ ಆ ಕೆಟ್ಟ ಕ್ಯಾನ್ವಾಸೇ ಈ ಇಡೀ ಪ್ರಶ್ನೆಗೆ ಸಿಕ್ಕ ದೊಡ್ಡ ಸಾಕ್ಷಿ. ಯೋಚನೆ ಮಾಡಿ, ಬಣ್ಣ ಚೆಲ್ಲೋದ್ರಲ್ಲಿ ಸರಿ-ತಪ್ಪು ಅನ್ನೋದೇ ಇಲ್ಲದಿದ್ರೆ ನನ್ನದು ಕೆಡೋಕೆ ಹೇಗೆ ಸಾಧ್ಯ? ಹೇಗೆ ಬಿದ್ರೂ ಒಂದೇ ಅನ್ನೋ ಹಾಗಿದ್ರೆ ಕೆಟ್ಟಿದೆ ಅಂತ ನನಗೂ ಅನ್ನಿಸ್ಬಾರದಿತ್ತು, ನಮ್ಮನೆಯವರು ಬಂದು ಏನೂ ಕೇಳ್ದೆ ನೇರ ನಡುವಿನ ರಾಶಿ ಕಡೆ ಬೆರಳು ತೋರಿಸಿ "ಇಲ್ಲಿ ಉಸಿರು ಕಟ್ಟುತ್ತೆ" ಅನ್ನಬಾರದಿತ್ತು. ಅವರಿಗೆ ಪೊಲಾಕೂ ಗೊತ್ತಿಲ್ಲ, ಯಾರೂ ಗೊತ್ತಿಲ್ಲ. ಯಾವುದನ್ನ ಹಾಳು ಮಾಡೋಕೆ ಸಾಧ್ಯ ಇದ್ಯೋ ಅದನ್ನ ಚೆನ್ನಾಗಿ ಮಾಡೋಕೂ ಸಾಧ್ಯ ಇದೆ.

ಇದಾದ್ಮೇಲೆ ಲಾಂಗ್ ಐಲ್ಯಾಂಡ್‌ನ ತುದಿಗೆ, ಈಸ್ಟ್ ಹ್ಯಾಂಪ್ಟನ್ ಹತ್ತಿರದ ಸ್ಪ್ರಿಂಗ್ಸ್‌ಗೆ ಹೋದೆ, ಪೊಲಾಕ್ ಮತ್ತೆ ಅವನ ಹೆಂಡತಿ ಲೀ ಕ್ರಾಸ್ನರ್ (ಅವಳೂ ದೊಡ್ಡ ಪೇಂಟರ್, ಇದನ್ನ ಜನ ಮರೀತಾರೆ) 1945ರಲ್ಲಿ ತಗೊಂಡ ಮನೆಗೆ. ಮುಂಗಡ ದುಡ್ಡು ಸಾಲ ಕೊಟ್ಟಿದ್ದು ಅವನ ಚಿತ್ರ ಮಾರ್ತಿದ್ದ ಗ್ಯಾಲರಿಯ ಒಡತಿ ಪೆಗ್ಗಿ ಗುಗೆನ್‌ಹೈಮ್. ಈಗ ಅದು ಮ್ಯೂಸಿಯಂ, ಮೊದಲೇ ಬುಕ್ ಮಾಡ್ಕೊಂಡು ಹೋಗ್ಬೇಕು. ಪಕ್ಕದಲ್ಲಿರೋ ಸಣ್ಣ ಕೊಟ್ಟಿಗೆಯೇ ಸ್ಟುಡಿಯೋ. ಒಳಗೆ ಹೋಗೋಕೆ ಮೆತ್ತನೆ ಸ್ಲಿಪ್ಪರ್ ಕೊಡ್ತಾರೆ, ಯಾಕಂದ್ರೆ ನೀವು ನಡೆಯೋದು ಅವನ ಬಣ್ಣ ಬಿದ್ದ ನೆಲದ ಮೇಲೇನೇ. 1953ರಲ್ಲಿ ರಿಪೇರಿ ಮಾಡುವಾಗ ಆ ನೆಲದ ಮೇಲೆ ಹಲಗೆ ಹಾಸಿ ಮುಚ್ಚಿದ್ರು, 1956ರಲ್ಲಿ ಪೊಲಾಕ್ ಕಾರ್ ಆಕ್ಸಿಡೆಂಟಲ್ಲಿ ಹೋದ, ಲೀ 1984ರಲ್ಲಿ ಹೋದ್ಲು, ಅದಾದ್ಮೇಲೆ ಹಲಗೆ ಎತ್ತಿದಾಗ ಕೆಳಗೆ ಅವನು ಆ ದೊಡ್ಡ ಚಿತ್ರಗಳನ್ನ ಮಾಡಿದ ವರ್ಷಗಳ ಬಣ್ಣ ಹಾಗೇ ಇತ್ತು.

ಆ ನೆಲದ ಮೇಲೆ ನಿಂತಾಗ ಅಣ್ಣನ ಪ್ರಶ್ನೆಗೆ ಬೇಕಾದ ಪ್ರಯೋಗ ಆಗಲೇ ಯಾರೋ ಮಾಡಿಟ್ಟಿದಾರೆ ಅನ್ನಿಸ್ತು. ಅದೇ ಮನುಷ್ಯ, ಅದೇ ಕೈ, ಅದೇ ಡಬ್ಬದ ಬಣ್ಣ, ಅದೇ ದಿನಗಳು. ಒಂದು ಪಾಲು ಕ್ಯಾನ್ವಾಸ್ ಮೇಲೆ ಬಿತ್ತು, ಒಂದು ಪಾಲು ಅಂಚು ದಾಟಿ ನೆಲಕ್ಕೆ ಬಿತ್ತು. ಕ್ಯಾನ್ವಾಸ್ ಅವನು ನೋಡಿ ಮಾಡಿದ್ದು, ನೆಲ ಅವನು ನೋಡದೇ ಆಗಿದ್ದು. ನೆಲ ನಿಜಕ್ಕೂ ಚೆಂದ ಇದೆ, ಬಣ್ಣಗಳು ಹೊಳೀತವೆ, ಅಲ್ಲಲ್ಲಿ ಕ್ಯಾನ್ವಾಸಿನ ಅಂಚು ಇದ್ದ ಕಡೆ ನೇರ ಗೆರೆ ಹೊಡೆದ ಹಾಗೆ ಬಣ್ಣ ನಿಂತಿದೆ, ಒಂದ್ಕಡೆ ಕೆಂಪು, ಒಂದ್ಕಡೆ ನೀಲಿ, 'ಬ್ಲೂ ಪೋಲ್ಸ್' ಅನ್ನೋ ಅವನ ಚಿತ್ರದ ಬಣ್ಣ ಇಲ್ಲಿದೆ ನೋಡಿ ಅಂತ ತೋರಿಸ್ತಾರೆ. ಆದ್ರೆ ಅಲ್ಲಿ ಒಂದು ಗೆರೆ ಹಿಡ್ಕೊಂಡು ಹೋಗೋಕೆ ಆಗಲ್ಲ, ಎರಡು ಗೇಣಿಗೆ ಮುಗಿದುಹೋಗುತ್ತೆ, ಪಕ್ಕದಲ್ಲಿ ಬಿದ್ದದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ, ಕಣ್ಣು ಒಂದ್ಕಡೆಯಿಂದ ಇನ್ನೊಂದ್ಕಡೆಗೆ ಹಾರುತ್ತೆ ಅಷ್ಟೇ, ಹರಿಯಲ್ಲ. ಅಣ್ಣ ಹೇಳಿದ ದೀಪಾವಳಿ ಅಂಗಳ ಅಂದ್ರೆ ಈ ನೆಲ. ಮ್ಯೂಸಿಯಂ ಗೋಡೆ ಮೇಲಿರೋದು ಬೇರೆ. ಇವೆರಡರ ನಡುವಿನ ವ್ಯತ್ಯಾಸ ಏನಿದ್ಯೋ ಅದೇ ಈ ಕಲೆಯ ಬೆಲೆ ಅಂತ ನಾನು ಹೇಳ್ತೀನಿ.

ಅಲ್ಲಿಂದ ಬಂದು ಎರಡನೇ ದೊಡ್ಡ ಕ್ಯಾನ್ವಾಸ್ ಬೇರೆ ಥರ ಶುರು ಮಾಡಿದೆ. ಫೋಟೋಗ್ರಾಫರ್ ಹಾನ್ಸ್ ನಾಮುತ್ 1950ರಲ್ಲಿ ತೆಗೆದ ಫೋಟೋಗಳಲ್ಲಿ 'ಆಟಮ್ ರಿದಮ್' ಅರ್ಧಂಬರ್ಧ ಆಗಿರೋದು ಕಾಣುತ್ತೆ, ಮೊದಲು ಬರೀ ಕಪ್ಪಿನ ಎಲುಬುಗೂಡು, ಬಾಕಿ ಬಣ್ಣ ಆಮೇಲೆ. ನಾಮುತ್ ತೆಗೆದ ಸಣ್ಣ ಕಲರ್ ಫಿಲ್ಮಲ್ಲಿ ಪೊಲಾಕ್ ಗಾಜಿನ ಮೇಲೆ ಬಣ್ಣ ಬಿಡ್ತಾನೆ, ಕ್ಯಾಮೆರಾ ಕೆಳಗಿಂದ ನೋಡುತ್ತೆ, ಅದನ್ನ ಸ್ಪೀಡ್ ಕಡಿಮೆ ಮಾಡ್ಕೊಂಡು ನೋಡಿ, ಕೋಲು ಎಲ್ಲೂ ತಾಗಲ್ಲ, ಕೈ ಗಾಳಿಯಲ್ಲೇ ಬರೆದು ಮುಗಿಸಿರುತ್ತೆ, ಬಣ್ಣ ಒಂದು ಕ್ಷಣ ಹಿಂದೆ ಬಂದು ಸೇರುತ್ತೆ. ಬಣ್ಣದ ಹರಿವು ನನ್ನ ಹಿಡಿತದಲ್ಲಿದೆ, ಆಕಸ್ಮಿಕ ಅನ್ನೋದೇನೂ ಇಲ್ಲ ಅಂತ ಅದೇ ಫಿಲ್ಮಲ್ಲಿ ಅವನೇ ಹೇಳ್ತಾನೆ. ನಾನೂ ಬರೀ ಕಪ್ಪು ಹಾಕಿ ನಿಲ್ಸಿದೆ. ಒಣಗೋಕೆ ಬಿಟ್ಟು, ಗೋಡೆಗೆ ಎತ್ತಿ, ಕುರ್ಚಿ ಹಾಕ್ಕೊಂಡು ನೋಡಿದೆ, ತಲೆಕೆಳಗು ಮಾಡಿ ನೋಡಿದೆ, ಎಲ್ಲಿ ಭಾರ ಜಾಸ್ತಿ, ಎಲ್ಲಿ ಗೆರೆಗೆ ಉತ್ತರ ಬೇಕು ಅಂತ ಮನಸ್ಸಲ್ಲೇ ಗುರುತು ಮಾಡ್ಕೊಂಡೆ, ಮತ್ತೆ ನೆಲಕ್ಕೆ ಇಳಿಸಿ ಕಂದು, ಮತ್ತೆ ಗೋಡೆಗೆ, ಮತ್ತೆ ನೆಲಕ್ಕೆ ಇಳಿಸಿ ಬಿಳಿ. ಚೆಲ್ಲಿದ ಹೊತ್ತಿಗಿಂತ ಸುಮ್ನೆ ನೋಡ್ತಾ ಕೂತ ಹೊತ್ತೇ ಎಷ್ಟೋ ಪಾಲು ಜಾಸ್ತಿ. ಹೊರಗಿನವರಿಗೆ ಗೊತ್ತಾಗದೇ ಇರೋದು ಈ ಭಾಗ, ಫೋಟೋದಲ್ಲಿ ಎಸಿಯೋದು ಕಾಣುತ್ತೆ, ಕೂತು ನೋಡೋದು ಕಾಣಲ್ಲ.

ಎರಡನೇದು ನಿಂತಿದೆ. ಮೇಲೆ ಎಡಗಡೆ ಒಂದು ಮೊಳದಷ್ಟು ಜಾಗದಲ್ಲಿ ಕಪ್ಪು ಹಿಂದೆ, ಕಂದು ಅದರ ಮುಂದೆ, ಬಿಳಿ ಇವೆರಡನ್ನೂ ಹೊಲಿದ ಹಾಗೆ ಹಾದು ಹೋಗಿರೋದು ನನಗೆ ತುಂಬಾ ಇಷ್ಟ. ಪೊಲಾಕ್‌ನ ಹತ್ತಿರಕ್ಕೂ ಬರಲ್ಲ, ಯಾಕೆ ಬರಲ್ಲ ಅನ್ನೋದೂ ಈಗ ಗೊತ್ತು. ಅವನ ಒಂದೊಂದು ಗೆರೆ ಹಿಂದೆ ಹತ್ತಿಪ್ಪತ್ತು ವರ್ಷದ ಚಿತ್ರ ಬಿಡಿಸೋ ಅಭ್ಯಾಸ ಇದೆ, ಥಾಮಸ್ ಹಾರ್ಟ್ ಬೆಂಟನ್ ಹತ್ತಿರ ಕಲಿತ ಆಕಾರಗಳ ತಿರುಗಾಟ ಇದೆ, 1936ರಲ್ಲಿ ಮೆಕ್ಸಿಕೋದ ಚಿತ್ರಕಾರ ಸಿಕೇರೋಸ್ ನ್ಯೂಯಾರ್ಕಲ್ಲಿ ನಡೆಸಿದ ವರ್ಕ್‌ಶಾಪಲ್ಲಿ ಇಂಡಸ್ಟ್ರಿ ಬಣ್ಣ ಸುರಿದು ನೋಡಿದ ಅನುಭವ ಇದೆ, ಅಮೆರಿಕದ ಮೂಲನಿವಾಸಿಗಳು ನೆಲದ ಮೇಲೆ ಮರಳಲ್ಲಿ ಬಿಡಿಸೋ ಚಿತ್ರಗಳ ಜೊತೆ ತನ್ನ ಕೆಲಸಾನ ಅವನೇ ಹೋಲಿಸ್ಕೊಂಡಿದಾನೆ. 1947ರಲ್ಲಿ ಒಂದಿನ ಡಬ್ಬ ಕೈ ಜಾರಿ ಕಂಡುಹಿಡಿದಿದ್ದಲ್ಲ ಇದು. ಕುಡಿದು ಎಸೀತಿದ್ದ ಅನ್ನೋರಿಗೂ ಒಂದು ಮಾತು, ಕುಡಿತ ಅವನ ಬದುಕನ್ನ ತಿಂದಿದ್ದು ನಿಜ, ಆದ್ರೆ 1948ರ ಕೊನೆಯಿಂದ 1950ರ ನವೆಂಬರ್ ತನಕ ಕುಡಿತ ಬಿಟ್ಟಿದ್ದ, 'ಒನ್', 'ಆಟಮ್ ರಿದಮ್' ಎರಡೂ ಆ ಎಚ್ಚರದ ಕಾಲದ್ದೇ.

ಅವನೊಬ್ಬನೇ ಅಲ್ಲ ಅನ್ನೋದನ್ನೂ ಹೇಳ್ಲೇಬೇಕು. ನಮ್ಮನೆಯಿಂದ ಸ್ವಲ್ಪ ದೂರದ ಪ್ಲೇನ್‌ಫೀಲ್ಡ್‌ನಲ್ಲಿ ಜಾನೆಟ್ ಸೋಬೆಲ್ ಅಂತ ಒಬ್ಬ ಅಜ್ಜಿ ಇದ್ರು, ಉಕ್ರೇನ್‌ನಲ್ಲಿ ಹುಟ್ಟಿ ಬ್ರೂಕ್ಲಿನ್‌ಗೆ ಬಂದವರು, ಮೊಮ್ಮಕ್ಕಳಾಗೋ ವಯಸ್ಸಲ್ಲಿ ಚಿತ್ರ ಶುರು ಮಾಡಿ ಬಣ್ಣ ಹನಿಸಿ, ಊದಿ, ಓರೆ ಮಾಡಿ ಹರಿಸಿ 1945ರ ಹೊತ್ತಿಗೇ 'ಮಿಲ್ಕಿ ವೇ' ಮಾಡಿದ್ರು, ಪೊಲಾಕ್‌ನ ಪ್ರಸಿದ್ಧ ಚಿತ್ರಗಳಿಗಿಂತ ಮೊದಲೇ. ಅವರ ಚಿತ್ರಗಳನ್ನ ಪೊಲಾಕ್ ನೋಡಿದ್ದ, ಮೆಚ್ಚಿದ್ದ ಅಂತ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಆಮೇಲೆ ಬರೆದಿದಾರೆ. 1946ರಲ್ಲಿ ಪ್ಲೇನ್‌ಫೀಲ್ಡ್‌ಗೆ ಬಂದ್ಮೇಲೆ ನ್ಯೂಯಾರ್ಕ್ ಕಲಾಲೋಕ ಅವರನ್ನ ಮರೆತೇಬಿಡ್ತು. ಹನಿಸೋದು ಗೊತ್ತಿದ್ರೆ ಸಾಕು ಎಲ್ಲಾ ಒಂದೇ ಆಗುತ್ತೆ ಅನ್ನೋರು 'ಮಿಲ್ಕಿ ವೇ'ನ 'ಒನ್' ಪಕ್ಕ ಇಟ್ಟು ನೋಡ್ಬೇಕು. ಸೋಬೆಲ್ ಅವರದ್ದು ನುಣುಪು, ಒಂದರೊಳಗೊಂದು ಕರಗೋ ಬಣ್ಣ, ಸಣ್ಣ ಅಳತೆ, ಹತ್ತಿರ ಕರೆಯುತ್ತೆ. ಅವನದ್ದು ಓಟ. ಇಬ್ಬರು ಮನುಷ್ಯರ ಸ್ವಭಾವ ಎರಡು ಕಡೆ ಬೇರೆಬೇರೆಯಾಗಿ ಕಾಣುತ್ತೆ ಅಂದ್ರೆ ಅದು ಕೈಬರಹ, ಸುಮ್ನೆ ಚೆಲ್ಲಿದ್ದಲ್ಲ.

ಈ ವಾದದ ವಿರುದ್ಧ ಇರೋದ್ರಲ್ಲಿ ನನಗೆ ನಿಜವಾಗ್ಲೂ ಕಷ್ಟ ಕೊಟ್ಟಿದ್ದು ನಕಲಿ ಚಿತ್ರಗಳ ವಿಷಯ. ನ್ಯೂಯಾರ್ಕಿನ ಹಳೇ ನೋಡ್ಲರ್ ಗ್ಯಾಲರಿ 2011ರಲ್ಲಿ ಮುಚ್ಚಿತು, ಅಲ್ಲಿ ಮಾರಿದ ನಕಲಿ ಪೊಲಾಕ್ ಒಂದಕ್ಕೆ ಒಬ್ಬರು 1.7 ಕೋಟಿ ಡಾಲರ್ ಕೊಟ್ಟಿದ್ರು, ಆಮೇಲೆ ಲ್ಯಾಬಲ್ಲಿ ನೋಡಿದ್ರೆ ಪೊಲಾಕ್ ಕಾಲದಲ್ಲಿ ಇರದೇ ಇದ್ದ ಬಣ್ಣ. ಇನ್ನೊಂದರಲ್ಲಂತೂ ಸಹಿಯಲ್ಲೇ ಹೆಸರಿನ ಸ್ಪೆಲಿಂಗ್ ತಪ್ಪು. ಕಣ್ಣಿಗೇ ವ್ಯತ್ಯಾಸ ಕಾಣುತ್ತೆ ಅಂತೀಯಲ್ಲ, ಹಾಗಿದ್ರೆ ಇಷ್ಟು ದುಡ್ಡಿನವರು ಹೇಗೆ ಮೋಸ ಹೋದ್ರು ಅಂತ ಯಾರಾದ್ರೂ ಕೇಳಿದ್ರೆ ಸರಿಯಾದ ಪ್ರಶ್ನೆನೇ. ನಾನು ಹೇಳೋದಿಷ್ಟು, 1937ರಲ್ಲಿ ವಾನ್ ಮೇಖರೆನ್ ಹಳೇ ಡಚ್ ಚಿತ್ರಕಾರ ವರ್ಮೀರ್‌ನದ್ದು ಅಂತ ಮಾಡಿದ ನಕಲಿ ಚಿತ್ರಕ್ಕೂ ದೊಡ್ಡ ದೊಡ್ಡ ಪಂಡಿತರು ಮೋಸ ಹೋಗಿದ್ರು, ಅದರಿಂದ ವರ್ಮೀರ್‌ನ ಬೆಲೆ ಕಡಿಮೆ ಆಗಲಿಲ್ಲ. ಇನ್ನೊಂದು ಕಡೆಯಿಂದಲೂ ಸಾಕ್ಷಿ ಇದೆ. 2013ರ ಸುಮಾರಿಗೆ ಮೋಮಾದ ಸಂರಕ್ಷಕರು 'ಒನ್' ಸ್ವಚ್ಛ ಮಾಡುವಾಗ ಕೆಲವು ಕಡೆ ಬಣ್ಣ ಪೊಲಾಕ್‌ದಲ್ಲ ಅನ್ನಿಸಿ, ಎಕ್ಸ್‌ರೇ ಮಾಡಿ, 1962ರ ಹಳೇ ಫೋಟೋ ಜೊತೆ ಹೋಲಿಸಿ ನೋಡಿದಾಗ, ಯಾರೋ ರಿಪೇರಿ ಮಾಡೋ ನೆಪದಲ್ಲಿ ಆಮೇಲೆ ಸೇರಿಸಿದ ಬಣ್ಣ ಅಂತ ಗೊತ್ತಾಯ್ತು, ತೆಗೆದುಹಾಕಿದ್ರು. ಅಷ್ಟು ದೊಡ್ಡ ಜಾಲದೊಳಗೆ ಪರಕೀಯ ಕೈ ಒಂದು ಕಡೆ ಸಿಕ್ಕಿಬಿತ್ತು ಅಂದ್ರೆ ಅಲ್ಲಿ ಸ್ವಂತ ಕೈ ಅಂತ ಒಂದು ಇದೆ ಅಂತಲೇ ಅರ್ಥ ತಾನೇ.

ಸಾಮಾನ್ಯ ಜನರ ಕಣ್ಣಿನ ಬಗ್ಗೆಯೂ ಒಂದು ಅಧ್ಯಯನ ಇದೆ, ಬಾಸ್ಟನ್ ಕಾಲೇಜಿನ ಹಾಲಿ-ಡೋಲನ್ ಮತ್ತು ಎಲೆನ್ ವಿನ್ನರ್ 2011ರಲ್ಲಿ ಪ್ರಕಟಿಸಿದ್ದು. ಹೆಸರಾಂತರ ಅಮೂರ್ತ ಚಿತ್ರ ಒಂದು, ಮಗುವೋ ಪ್ರಾಣಿಯೋ ಮಾಡಿದ್ದು ಒಂದು, ಪಕ್ಕಪಕ್ಕ ಇಟ್ಟು ಯಾವುದು ಒಳ್ಳೇದು ಅಂತ ಕೇಳಿದ್ರು. ಕೆಳಗೆ ಹೆಸರಿನ ಚೀಟಿ ಅದಲುಬದಲು ಮಾಡಿ ಹಾಕಿದಾಗಲೂ ಜನ ಕಲಾವಿದರದ್ದನ್ನ ಆರಿಸಿದ್ದು ಸುಮ್ನೆ ಕಣ್ಣುಮುಚ್ಚಿ ಆರಿಸಿದ್ರೆ ಬರೋದಕ್ಕಿಂತ ಹೆಚ್ಚು. ನಾನೂ ನಮ್ಮ ಮನೆ ವಾಟ್ಸಾಪ್ ಗ್ರೂಪಲ್ಲಿ ಇದೇ ಥರ ಹಾಕಿದೆ, ಹೆಸರು ಹೇಳ್ದೆ, ಪೊಲಾಕ್‌ನ ಒಂದು ಭಾಗ, ಬಣ್ಣ ಎರಚಿ ಆಡೋ ಸ್ಪ್ಲಾಟರ್ ರೂಮಲ್ಲಿ ಪಕ್ಕದ್ಮನೆ ಹುಡುಗ ಮಾಡಿದ್ದರ ಒಂದು ಭಾಗ. ಅಣ್ಣ ಸೇರಿ ಹೆಚ್ಚಿನವರು ಪೊಲಾಕ್‌ದನ್ನೇ ಆರಿಸಿದ್ರು, "ಇದರಲ್ಲಿ ಏನೋ ನಡೀತಾ ಇದೆ" ಅಂತ ಅಣ್ಣನೇ ಬರೆದ. ಅತ್ತೆ ಮಾತ್ರ ಹುಡುಗನದ್ದು ಅಂದ್ರು, ಬಣ್ಣ ಹಬ್ಬದ ಥರ ಇದೆ, ಇನ್ನೊಂದು ನೋಡಿದ್ರೆ ತಲೆ ತಿರುಗುತ್ತೆ ಅಂತ. ಅತ್ತೆಯ ಕಾರಣ ನನಗೆ ಒಪ್ಪಿಗೆನೇ, ತಲೆ ತಿರುಗೋದು ಪೊಲಾಕ್‌ನ ನಿಜವಾದ ಗುಣ, ಅದು ಬೇಡ ಅನ್ನೋ ಹಕ್ಕು ಅವರಿಗಿದೆ.

ಸ್ಪ್ಲಾಟರ್ ರೂಮ್ ಅಂದೆನಲ್ಲ, ಈಗ ಎಲ್ಲಾ ಕಡೆ ಬಂದಿವೆ, ದುಡ್ಡು ಕೊಟ್ರೆ ರೇನ್‌ಕೋಟ್ ಹಾಕಿಸಿ ಬಣ್ಣ ಎರಚೋಕೆ ಬಿಡ್ತಾರೆ. ಮಕ್ಕಳು ಹಾಯಾಗಿ ಆಡ್ಲಿ, ನಾನೂ ಕರ್ಕೊಂಡು ಹೋಗ್ತೀನಿ. ಆದ್ರೆ ಅಲ್ಲಿ ಆಗೋದು ಎರಚೋದು ಮಾತ್ರ, ನಿಂತು ನೋಡಿ ಮುಂದಿನ ಗೆರೆ ಎಲ್ಲಿಗೆ ಅಂತ ನಿರ್ಧಾರ ಮಾಡೋ ಹೊತ್ತು ಇಲ್ಲ. ಹೋಟೆಲ್ ಲಾಬಿಗಳಲ್ಲಿ ತೂಗುಹಾಕೋ ದೊಡ್ಡ ಸ್ಪ್ಲಾಟರ್ ಚಿತ್ರಗಳಲ್ಲಿ ಬಹುಪಾಲು ನನಗೆ ಸತ್ತ ಹಾಗೆ ಕಾಣೋದು ಇದಕ್ಕೇ, ಎಲ್ಲಾ ಗೆರೆ ಒಂದೇ ದಪ್ಪ, ಎಲ್ಲಾ ಒಂದೇ ವೇಗ, ಸೋಫಾ ಬಣ್ಣಕ್ಕೆ ಹೊಂದೋ ಹನಿಗಳು. ಹಾಗಾಗಿ ಸ್ಪ್ಲಾಟರ್ ಅನ್ನೋ ಇಡೀ ಜಾತಿಗೆ ಬೆಲೆ ಇದ್ಯಾ ಇಲ್ವಾ ಅಂತ ಕೇಳಿದ್ರೆ ನಾನು ಉತ್ತರ ಕೊಡಲ್ಲ, ಒಂದೊಂದು ಚಿತ್ರಕ್ಕೂ ಕೇಳ್ಬೇಕು. ದುಡ್ಡಿನ ಬೆಲೆ ಅಂತೂ ಬೇರೇನೇ ಲೆಕ್ಕ. 1973ರಲ್ಲಿ ಆಸ್ಟ್ರೇಲಿಯಾ ಸರ್ಕಾರ 13 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಟ್ಟು 'ಬ್ಲೂ ಪೋಲ್ಸ್' ತಗೊಂಡಾಗ ದೇಶ ಪೂರ್ತಿ ಗಲಾಟೆ ಆಯ್ತು, ಈಗ ಅದನ್ನ ನೋಡೋಕೆ ಅಂತಲೇ ಜನ ಕ್ಯಾನ್‌ಬೆರಾಗೆ ಹೋಗ್ತಾರೆ. ಆಗಿನ ಗಲಾಟೆಯಿಂದ ಚಿತ್ರ ಕೆಟ್ಟದಾಗಲಿಲ್ಲ, ಈಗಿನ ರೇಟಿಂದ ಒಳ್ಳೇದೂ ಆಗಲ್ಲ.

ಮುಂದಿನ ಕ್ಯಾನ್ವಾಸ್ ಬರೀ ಕಪ್ಪಲ್ಲಿ ಮಾಡೋಣ ಅಂತಿದೀನಿ. ಪೊಲಾಕ್‌ನ 'ನಂಬರ್ 32, 1950' ಅಂತ ಒಂದಿದೆ, ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ, ಪ್ರೈಮರ್ ಹೊಡೀದ ಬಟ್ಟೆ ಮೇಲೆ ಕಪ್ಪು ಎನಾಮೆಲ್ ಬಿಟ್ರೆ ಇನ್ನೊಂದು ಬಣ್ಣ ಇಲ್ಲ. ನನ್ನ ಎರಡನೇ ಕ್ಯಾನ್ವಾಸಲ್ಲಿ ಕಪ್ಪು ಸರಿ ಬರದ ಕಡೆಯೆಲ್ಲಾ ಬಿಳಿ ಬಂದು ಕೈ ಹಿಡೀತು, ಅಲ್ಲಿ ಹಾಗೆ ಕೈ ಹಿಡಿಯೋಕೆ ಏನೂ ಇರಲ್ಲ, ಒಂದು ಗೆರೆ ಹಾಳಾದ್ರೆ ಅದು ಹಾಗೇ ಕೂತಿರುತ್ತೆ. ಬಟ್ಟೆ ಕತ್ತರಿಸಿಟ್ಟಿದೀನಿ. ಆದ್ರೆ ಅಕ್ಟೋಬರ್ ಬಂತು, ಶಟರ್ ಎತ್ತಿಟ್ರೆ ಗ್ಯಾರೇಜ್ ಥಂಡಿ, ಇಳಿಸಿದ್ರೆ ಉಸಿರಾಡೋಕೆ ಆಗಲ್ಲ, ಈ ಚಳಿಗೆ ಎನಾಮೆಲ್ ಕೋಲಿಂದ ಇಳಿಯೋದೂ ಇಲ್ಲ. ಶುರುವಿನ ವರ್ಷಗಳಲ್ಲಿ ಆ ಸ್ಪ್ರಿಂಗ್ಸ್ ಕೊಟ್ಟಿಗೆಯಲ್ಲೂ ಹೀಟಿಂಗ್ ಇರಲಿಲ್ಲ. ಮೇ ತನಕ ಕಾಯ್ಬೇಕು, ಅಲ್ಲಿ ತನಕ ಪೇಪರ್ ಮೇಲೆ ಇಂಕಲ್ಲಿ ಕೈ ಓಡಿಸ್ತಾ ಇರ್ತೀನಿ.